ಮೂಡಣದ ಒಂದು ಅಕ್ಷರ, ನಾಲ್ಕು ನಾಡು: ಚೀನೀ ಅಕ್ಷರದ ಹುಟ್ಟು, ಓದು, ಅರ್ಥ ಹುಡುಕುವ ಬಗೆ

ಟೋಕಿಯೋ ಎಂಬ ಹೆಸರನ್ನು ಬರೆಯುವ ಎರಡು ಅಕ್ಷರಗಳನ್ನೇ ವಿಯೆಟ್ನಾಮಿನಲ್ಲಿ ‘ದೊಂಗ್ ಕಿಞ್’ ಎಂದು ಓದುತ್ತಿದ್ದರು. 15ನೆಯ ಶತಮಾನದಲ್ಲಿ ಹನೋಯ್ ನಗರಕ್ಕೆ ಬಂದ ಹೆಸರು ಅದು. ಐರೋಪ್ಯರ ಬಾಯಲ್ಲಿ ಟೊಂಕಿನ್ ಆಯಿತು. ಅದಕ್ಕೂ ಮುಂಚೆ ಉತ್ತರ ಸುಂಗ್ ಅರಸರು ತಮ್ಮ ರಾಜಧಾನಿ ಕೈಫೆಂಗನ್ನು ಇದೇ ಎರಡು ಅಕ್ಷರಗಳಲ್ಲಿ ಬರೆದು ‘ತುಂಗ್‌ಚಿಂಗ್’ ಎನ್ನುತ್ತಿದ್ದರು. ಎಡೋ ನಗರ ಟೋಕಿಯೋ ಆದದ್ದು 1868ರಲ್ಲಿ. ಊರು ಮೂರು, ಓದು ಮೂರು, ಬರಹ ಒಂದೇ. ಅರ್ಥವೂ ಒಂದೇ: ಮೂಡಣ ರಾಜಧಾನಿ.

ಇಂಥ ಅಕ್ಷರವೊಂದರ ಬೆನ್ನು ಹತ್ತುವುದು ಹೇಗೆ? ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಬೇಕು. ಪ್ರತಿ ಚೀನೀ ಅಕ್ಷರಕ್ಕೂ ಮೂರು ಬೇರೆ ಬೇರೆ ಚರಿತ್ರೆಗಳಿವೆ: ಆಕಾರದ್ದು, ಉಚ್ಚಾರದ್ದು, ಅರ್ಥದ್ದು. ಆಕಾರವನ್ನು ನೋಡಿ ಅರ್ಥವನ್ನು ಊಹಿಸುವುದರಿಂದಲೇ ಈ ಕ್ಷೇತ್ರದ ಮುಕ್ಕಾಲು ತಪ್ಪುಗಳು ಹುಟ್ಟುತ್ತವೆ. ಅಕ್ಷರವೆಂದರೆ ವಿಚಾರವೊಂದರ ಚಿತ್ರವಲ್ಲ, ಬಾಯಿಂದ ಆಡಿದ ಪದವೊಂದರ ಬರಹ. ಮೂರೂ ಚರಿತ್ರೆಗಳನ್ನು ಬೇರೆ ಬೇರೆ ಹುಡುಕಿ, ಕೊನೆಯಲ್ಲಿ ಪಕ್ಕಪಕ್ಕ ಇಟ್ಟು ನೋಡಿ.

ಮೊದಲು ಒಂದು ಪುಟ ತಯಾರಿಸಿ

ಒಂದು ಅಕ್ಷರಕ್ಕೆ ನೋಟ್‌ಬುಕ್ಕಿನ ಒಂದು ಪೂರ್ತಿ ಪುಟ ಮೀಸಲಿಡಿ. ಆಕಾರ, ಉಚ್ಚಾರ, ಅರ್ಥ ಎಂದು ಮೂರು ಅಂಕಣ ಎಳೆಯಿರಿ. ಬರೆದ ಪ್ರತಿ ಸಾಲಿನ ಪಕ್ಕದಲ್ಲಿ ಅದು ಯಾವ ಕಾಲದ್ದು, ಯಾವ ನಾಡಿನದು ಎಂದು ಗುರುತು ಹಾಕಿ. ಕಾಲ ಬರೆಯದ ಸಾಲು ಮುಂದೆ ಉಪಯೋಗಕ್ಕೆ ಬರುವುದಿಲ್ಲ.

ಇಲ್ಲಿ ಉದಾಹರಣೆಯ ಅಕ್ಷರಗಳನ್ನು ಚಿತ್ರವಾಗಿ ಕೊಡದೆ, ರ್‍ಯಾಡಿಕಲ್ ಸಂಖ್ಯೆ ಮತ್ತು ಉಳಿದ ಗೆರೆಗಳ ಎಣಿಕೆಯಿಂದ ಸೂಚಿಸಿದೆ. ನಿಘಂಟು ಅಕ್ಷರವನ್ನು ಅದರ ಯಾವ ಭಾಗದ ಕೆಳಗೆ ಜೋಡಿಸುತ್ತದೋ ಆ ಭಾಗವೇ ರ್‍ಯಾಡಿಕಲ್. ‘ಪೂರ್ವ’ ಎಂಬ ಅಕ್ಷರ 75+4: ಅಂದರೆ 75ನೆಯ ರ್‍ಯಾಡಿಕಲ್, ಅದರ ಮೇಲೆ 4 ಗೆರೆ. ಅದೇ ಮನೆಯಲ್ಲಿ ಬೇರೆ ಅಕ್ಷರಗಳೂ ಇರುತ್ತವೆ, ಅರ್ಥ ನೋಡಿ ಆರಿಸಿಕೊಳ್ಳಿ. ನಿಘಂಟು ತೆರೆದು ನೀವೇ ಹುಡುಕಿ ಪುಟಕ್ಕೆ ಬರೆದುಕೊಂಡರೆ ಗೆರೆ ಎಣಿಸುವ ಅಭ್ಯಾಸವೂ ಆಗುತ್ತದೆ.

1. ನಿಘಂಟಿನಲ್ಲಿ ಅಕ್ಷರವನ್ನು ಹಿಡಿಯುವುದು

1716ರಲ್ಲಿ ಮುಗಿದ ಕಾಂಗ್‌ಶಿ ನಿಘಂಟು 47,035 ಅಕ್ಷರಗಳನ್ನು 214 ರ್‍ಯಾಡಿಕಲ್‌ಗಳ ಕೆಳಗೆ ಜೋಡಿಸಿದೆ. ಆ ಸಂಖ್ಯೆಗಳೇ ಇಂದಿಗೂ ಎಲ್ಲ ನಾಡುಗಳ ದೊಡ್ಡ ನಿಘಂಟುಗಳಲ್ಲೂ ಕಂಪ್ಯೂಟರ್ ಪಟ್ಟಿಗಳಲ್ಲೂ ನಡೆಯುತ್ತಿವೆ. ಫೋನಿನಲ್ಲಿ ಬೆರಳಿನಿಂದ ಬರೆದು ಹುಡುಕುವುದು ಸುಲಭ, ನಿಜ. ಆದರೂ ರ್‍ಯಾಡಿಕಲ್ ದಾರಿ ಕಲಿಯಿರಿ. ಅಕ್ಷರದ ಒಡಲು ಎಲ್ಲಿ ಸೀಳುತ್ತದೆ ಎಂಬುದು ಅದರಿಂದಲೇ ತಿಳಿಯುವುದು.

ಗೆರೆ ಎಣಿಸುವಾಗ ಆಗುವ ತಪ್ಪುಗಳು ಹೆಚ್ಚುಕಡಿಮೆ ಎಲ್ಲರಿಗೂ ಒಂದೇ. ‘ಬಾಯಿ’ ಎಂಬ ಚೌಕಕ್ಕೆ 4 ಗೆರೆಯಲ್ಲ, 3. ಮೇಲಿನ ಅಡ್ಡಗೆರೆ ಲೇಖನಿ ಎತ್ತದೆ ಬಲಕ್ಕೆ ತಿರುಗಿ ಕೆಳಗಿಳಿಯುತ್ತದೆ. ಎಡಬದಿಯಲ್ಲಿ 3 ಹನಿಗಳಾಗಿ ಕಾಣುವ ನೀರು ನಿಘಂಟಿನಲ್ಲಿ 4 ಗೆರೆಯ ಪೂರ್ಣರೂಪದ ಕೆಳಗೆ, 85ರಲ್ಲಿ ಸಿಗುತ್ತದೆ. ಕಿವಿಯ ಹಾಗೆ ಬಾಗಿದ ಭಾಗ ಎಡಕ್ಕಿದ್ದರೆ ದಿಬ್ಬ (170), ಬಲಕ್ಕಿದ್ದರೆ ಊರು (163). ಅದನ್ನು ಚೀನಾದಲ್ಲಿ 2 ಗೆರೆ, ಜಪಾನಿನಲ್ಲಿ 3 ಗೆರೆ ಎಂದು ಎಣಿಸುತ್ತಾರೆ. ಚಂದ್ರನಂತೆ ಕಾಣುವುದು ದೇಹದ ಅಂಗಗಳ ಹೆಸರಿನಲ್ಲಿದ್ದರೆ ಅದು ಸಾಮಾನ್ಯವಾಗಿ ಚಂದ್ರನಲ್ಲ, ಮಾಂಸ (130).

ಎದ್ದು ಕಾಣುವ ಭಾಗವೇ ರ್‍ಯಾಡಿಕಲ್ ಎಂದೂ ನಂಬಬೇಡಿ. ಬಾಗಿಲಿನೊಳಗೆ ಕಿವಿ ಇದ್ದರೆ ‘ಕೇಳಿಸಿಕೊಳ್ಳು’, ಬಾಯಿ ಇದ್ದರೆ ‘ಪ್ರಶ್ನಿಸು’. ಎರಡನ್ನೂ 169ರ ಬಾಗಿಲಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಒಂದು 128+8ರ ಕಿವಿಯಲ್ಲಿ, ಇನ್ನೊಂದು 30+8ರ ಬಾಯಿಯಲ್ಲಿ. ಬಾಗಿಲು ಅಲ್ಲಿ ಉಚ್ಚಾರಕ್ಕಾಗಿ ಮಾತ್ರ ಬಂದಿದೆ.

2. ಯಾವ ನಾಡಿನ ರೂಪ?

ಕಣ್ಣ ಮುಂದಿರುವುದು ಹಳೆಯ ಪೂರ್ಣರೂಪವೋ ಸರಳ ರೂಪವೋ ಎಂದು ಮೊದಲೇ ತೀರ್ಮಾನಿಸಿ. ತೈವಾನ್, ಹಾಂಗ್‌ಕಾಂಗ್, ಕೊರಿಯಾ ಬಹುಮಟ್ಟಿಗೆ ಪೂರ್ಣರೂಪ ಉಳಿಸಿಕೊಂಡಿವೆ. ಜಪಾನ್ 1946ರ 1,850 ಅಕ್ಷರಗಳ ಪಟ್ಟಿಯಿಂದ ಆರಂಭಿಸಿ ತನ್ನದೇ ಸರಳೀಕರಣ ಮಾಡಿತು. 2010ರ ಪಟ್ಟಿಯಲ್ಲಿ 2,136 ಇವೆ. ಚೀನಾದ ಸರಳೀಕರಣ ಯೋಜನೆ 1956ರದು. ಒಂದು ನಾಡು ಕತ್ತರಿಸಿದ ಕಡೆಯೇ ಇನ್ನೊಂದು ಕತ್ತರಿಸಲಿಲ್ಲ. ‘ಆವಿ, ಉಸಿರು’ ಎಂಬ ಅಕ್ಷರ ಪೂರ್ಣರೂಪದಲ್ಲಿ 84+6, ಒಳಗೆ ಅಕ್ಕಿ ಇದೆ. ಜಪಾನಿನಲ್ಲಿ ಅಕ್ಕಿಯ ಜಾಗದಲ್ಲಿ ಎರಡೇ ಗೆರೆ, 84+2. ಚೀನಾದಲ್ಲಿ ಒಳಗೆ ಏನೂ ಇಲ್ಲ, ಬರಿಯ 84.

ಕಷ್ಟವಾಗುವುದು ಎರಡು ಅಕ್ಷರ ಸೇರಿ ಒಂದಾದಾಗ. ‘ಹೊರಡಿಸು’ (105+7) ಮತ್ತು ‘ತಲೆಗೂದಲು’ (190+5) ಚೀನಾದಲ್ಲಿ ಒಂದೇ ರೂಪಕ್ಕೆ ಬಂದಿವೆ, ಜಪಾನಿನಲ್ಲಿ ಬೇರೆಯಾಗಿಯೇ ಉಳಿದಿವೆ. ಸರಳ ರೂಪದಿಂದ ಪೂರ್ಣರೂಪಕ್ಕೆ ತಂತ್ರಾಂಶದಿಂದ ಪರಿವರ್ತಿಸುವಾಗ ಕೂದಲಿನ ಜಾಗಕ್ಕೆ ಹೊರಡಿಸುವುದು ಬಂದು ಕೂರುವುದು ಇದರಿಂದಲೇ. ಜಪಾನಿನಲ್ಲಿ ‘ಕಲೆ’ ಎಂಬ 140+15ರ ಅಕ್ಷರವನ್ನು ನಡುವಿನ ಭಾಗ ತೆಗೆದು 140+4 ಮಾಡಿದರು. ಆ ರೂಪದಲ್ಲಿ ಆಗಲೇ ಒಂದು ಗಿಡದ ಹೆಸರಿತ್ತು. ಸರಳ ರೂಪದ ಮೇಲೆ ಹುಟ್ಟಿನ ಕಥೆ ಕಟ್ಟಬೇಡಿ. ಮೊದಲು ಪೂರ್ಣರೂಪಕ್ಕೆ ಹೋಗಿ, ಅಲ್ಲಿಂದ ಹಿಂದಕ್ಕೆ ನಡೆಯಿರಿ. ತೈವಾನಿನ ಶಿಕ್ಷಣ ಸಚಿವಾಲಯದ ರೂಪಾಂತರ ನಿಘಂಟು ಜಾಲದಲ್ಲಿ ಮುಕ್ತವಾಗಿದೆ. ಒಂದು ಲಕ್ಷಕ್ಕೂ ಹೆಚ್ಚು ರೂಪಗಳಿವೆ.

ಪರದೆಯೂ ಮೋಸ ಮಾಡುತ್ತದೆ. ಯೂನಿಕೋಡ್ ನಾಡುನಾಡಿನ ಸಣ್ಣ ವ್ಯತ್ಯಾಸಗಳನ್ನು ಒಂದೇ ಸಂಕೇತದ ಕೆಳಗೆ ಸೇರಿಸಿದೆ. ಯಾವ ರೂಪ ಕಾಣಬೇಕೆಂದು ತೀರ್ಮಾನಿಸುವುದು ಫಾಂಟು. ‘ಮೂಳೆ’ (188) ಚೀನಾದ ಫಾಂಟಿನಲ್ಲಿ 9 ಗೆರೆ, ಜಪಾನಿನದರಲ್ಲಿ 10. ಫೋನಿನ ಭಾಷಾಪಟ್ಟಿಯಲ್ಲಿ ಜಪಾನೀಸನ್ನು ಚೀನೀ ಭಾಷೆಗಿಂತ ಮೇಲಿಟ್ಟು ನೋಡಿ, ಕೆಳಗಿಟ್ಟು ನೋಡಿ. ಅಕ್ಷರ ಬದಲಾಗುವುದು ಕಣ್ಣಿಗೇ ಕಾಣುತ್ತದೆ. ಜಾಲಪುಟ ಬರೆಯುವವರು ಆಯಾ ಸಾಲಿನ ಭಾಷೆ ಯಾವುದೆಂದು ಗುರುತು ಹಾಕಲೇಬೇಕು.

3. ಆಕಾರವನ್ನು ಹಿಂದಕ್ಕೆ ನಡೆಸುವುದು

ಇಂದಿನ ಅಚ್ಚಿನ ರೂಪದಿಂದ ಹಾನ್ ಕಾಲದ ಗುಮಾಸ್ತರ ಬರಹಕ್ಕೆ, ಅಲ್ಲಿಂದ ಛಿನ್ ಸಾಮ್ರಾಜ್ಯದ ಮುದ್ರಾಲಿಪಿಗೆ, ಅಲ್ಲಿಂದ ಕಂಚಿನ ಪಾತ್ರೆಗಳ ಬರಹಕ್ಕೆ, ಕೊನೆಗೆ ಶಾಂಗ್ ಅರಸರ ಮೂಳೆಬರಹಕ್ಕೆ: ಇದು ಕ್ರಮ. ಗುಮಾಸ್ತರ ಬರಹದಲ್ಲಿ ಬಾಗಿದ ಗೆರೆಗಳೆಲ್ಲ ನೇರವಾಗಿ ಮುರಿದವು. ಚಿತ್ರದ ಚಹರೆ ಅಳಿದದ್ದು ಅಲ್ಲೇ. ಆ ಮೆಟ್ಟಿಲನ್ನು ಬಿಟ್ಟು ಹಾರಿದರೆ ಯಾವ ಭಾಗ ಯಾವುದಾಯಿತು ಎಂಬ ಎಳೆ ತಪ್ಪುತ್ತದೆ.

ಮೂಲದ ವಿವರಣೆಗೆ ಎಲ್ಲರೂ ಮೊದಲು ತೆರೆಯುವುದು ಶು ಷನ್ ಕ್ರಿ.ಶ. 100ರಲ್ಲಿ ಮುಗಿಸಿದ ‘ಷುಓವನ್’ ನಿಘಂಟು. 9,353 ಅಕ್ಷರಗಳನ್ನು 540 ತಲೆಗಳ ಕೆಳಗೆ ಇಟ್ಟು ವಿವರಿಸಿದ ದೊಡ್ಡ ಕೆಲಸ. ಆದರೆ ಅವನಿಗೆ ಮೂಳೆಬರಹದ ಪರಿಚಯವಿರಲಿಲ್ಲ. ಆಮೆಯ ಚಿಪ್ಪು, ಎತ್ತಿನ ಹೆಗಲೆಲುಬುಗಳ ಮೇಲೆ ಸುಮಾರು ಕ್ರಿ.ಪೂ. 1250ರಿಂದೀಚೆಗೆ ಕೆತ್ತಿದ ಆ ಬರಹಗಳನ್ನು ವಿದ್ವಾಂಸರು ಗುರುತಿಸಿದ್ದು 1899ರಲ್ಲಿ. ಅವು ಸಿಕ್ಕಿದ ಜಾಗ ಹೆನಾನ್ ಪ್ರಾಂತ್ಯದ ಆನ್‌ಯಾಂಗ್. ಹಾಗಾಗಿ ಶು ಷನ್ ಹೇಳಿದ್ದನ್ನು ಬರೆದುಕೊಳ್ಳಿ, ಕೆಳಗೆ ಮೂಳೆಬರಹದ ರೂಪವನ್ನೂ ಬರೆಯಿರಿ, ಎರಡೂ ಒಪ್ಪುತ್ತವೆಯೇ ನೋಡಿ.

ನಮ್ಮ ‘ಪೂರ್ವ’ದಲ್ಲೇ ಒಪ್ಪುವುದಿಲ್ಲ. ಮರದ ನಡುವೆ ಸೂರ್ಯ, ಅಂದರೆ ಮರದ ಹಿಂದಿನಿಂದ ಮೂಡುವ ಸೂರ್ಯ ಎಂಬ ವಿವರಣೆಯನ್ನು ಷುಓವನ್ ದಾಖಲಿಸಿದೆ. ಕನ್ನಡದ ‘ಮೂಡಣ’ಕ್ಕೆ ಚೆನ್ನಾಗಿ ಹೊಂದುತ್ತದೆ ಎಂದು ನಮಗೆ ಇನ್ನಷ್ಟು ಇಷ್ಟವಾಗುತ್ತದೆ, ಪಠ್ಯಪುಸ್ತಕಗಳೂ ಬಿಟ್ಟಿಲ್ಲ. ಮೂಳೆಬರಹದ ರೂಪದಲ್ಲಿ ಕಾಣುವುದು ಎರಡೂ ತುದಿ ಕಟ್ಟಿದ ಚೀಲ. ದಿಕ್ಕಿನ ಚಿತ್ರ ಬಿಡಿಸುವುದು ಆಗದ ಮಾತು. ಪೂರ್ವದಿಕ್ಕಿನ ಹೆಸರಿಗೆ ಹತ್ತಿರದ ಉಚ್ಚಾರವಿದ್ದ ಚೀಲದ ಚಿತ್ರವನ್ನು ಎರವಲು ತಂದರು ಎಂಬುದೇ ಈಗ ಬಹುಪಾಲು ವಿದ್ವಾಂಸರ ಮತ. ‘ಉತ್ತರ’ವೂ (21+3) ಹಾಗೆಯೇ: ಬೆನ್ನಿಗೆ ಬೆನ್ನು ಕೊಟ್ಟ ಇಬ್ಬರು ಜನ, ಮೊದಲ ಅರ್ಥ ‘ಬೆನ್ನು’. ದಿಕ್ಕಿಗೆ ಬಳಕೆಯಾದ ಮೇಲೆ ಬೆನ್ನಿಗೆ ಕೆಳಗೆ ಮಾಂಸ ಸೇರಿಸಿ ಹೊಸ ಅಕ್ಷರ (130+5) ಮಾಡಿದರು. ‘ಬಾ’ ಎಂಬ ಅಕ್ಷರ (9+6) ಮೊದಲು ಗೋಧಿಯ ಗಿಡವಾಗಿತ್ತು.

‘ಮಾಡು’ ಎಂಬ 87+8ರದು ಇನ್ನೂ ಸೊಗಸು. ಶು ಷನ್ ಅದನ್ನು ಹೆಣ್ಣುಕೋತಿ ಎಂದ. ಮೂಳೆಬರಹದಲ್ಲಿ ಇರುವುದು ಆನೆಯ ಸೊಂಡಿಲು ಹಿಡಿದ ಕೈ. ಆ ಕಾಲದಲ್ಲಿ ಹೆನಾನಿನಲ್ಲಿ ಆನೆಗಳಿದ್ದವು. ಇಂದಿನ ರೂಪದಲ್ಲಿ ಮೇಲೆ ಉಳಿದಿರುವ ಉಗುರಿನಂಥ ಭಾಗವೇ ಆ ಕೈ.

ಇನ್ನೊಂದನ್ನು ಮೊದಲೇ ಕೇಳಿಕೊಳ್ಳಿ: ಈ ಅಕ್ಷರ ಚೀನಾದಲ್ಲೇ ಹುಟ್ಟಿದ್ದೇ? ‘ಘಟ್ಟದ ನೆತ್ತಿ’ (46+6: ಬೆಟ್ಟ, ಮೇಲೆ, ಕೆಳಗೆ) ಮತ್ತು ‘ದುಡಿ’ (9+11: ಮನುಷ್ಯ, ಚಲನೆ) ಜಪಾನಿನಲ್ಲಿ ಮಾಡಿದವು. ‘ನೀರುಗದ್ದೆ’ (102+4: ಗದ್ದೆಯ ಮೇಲೆ ನೀರು) ಕೊರಿಯಾದ್ದು. ವಿಯೆಟ್ನಾಮಿನ ನೊಮ್ ಬರಹದಲ್ಲಿ ‘ಬಾ’ ಅಂದರೆ ಮೂರು. ಅದನ್ನು ‘ಬಾ’ ಎಂದು ಓದುವ ಒಂದು ಅಕ್ಷರದ ಪಕ್ಕ ಚೀನೀ ‘ಮೂರು’ ಇಟ್ಟು ಬರೆದರು. ಇವಕ್ಕೆ ಮೂಳೆಬರಹ ಹುಡುಕುವುದು ವ್ಯರ್ಥ.

4. ಅರ್ಥಭಾಗ, ಧ್ವನಿಭಾಗ

ಬಳಕೆಯಲ್ಲಿರುವ ಅಕ್ಷರಗಳಲ್ಲಿ ಬಹುಪಾಲು ಚಿತ್ರಗಳಲ್ಲ. ಒಂದು ಭಾಗ ಅರ್ಥದ ವರ್ಗವನ್ನು ತೋರಿಸುತ್ತದೆ, ಇನ್ನೊಂದು ಉಚ್ಚಾರವನ್ನು ಸೂಚಿಸುತ್ತದೆ. ಪರೀಕ್ಷಿಸುವ ಬಗೆ ಹೀಗೆ: ರ್‍ಯಾಡಿಕಲ್ಲನ್ನು ಬೆರಳಿನಿಂದ ಮುಚ್ಚಿ. ಉಳಿದ ಭಾಗ ಇರುವ ಇನ್ನೂ ನಾಲ್ಕೈದು ಅಕ್ಷರ ಹುಡುಕಿ, ಅವುಗಳ ಓದನ್ನು ಸಾಲಾಗಿ ಬರೆಯಿರಿ. ಓದುಗಳು ಪ್ರಾಸ ಕೂಡಿದರೆ ಅದು ಧ್ವನಿಭಾಗ.

ಕಲಿಯಲು ಇದಕ್ಕಿಂತ ಒಳ್ಳೆಯ ಕುಟುಂಬವಿಲ್ಲ: 174ನೆಯ ಅಕ್ಷರ, ‘ಹಸಿರು–ನೀಲಿ’, ಚೀನೀ ಓದು ‘ಛಿಂಗ್’. ಎಡಕ್ಕೆ ನೀರು ಬಂದರೆ ‘ತಿಳಿ’ (85+8), ಸೂರ್ಯ ಬಂದರೆ ‘ಬಾನು ತೆರವು’ (72+8), ಹೃದಯ ಬಂದರೆ ‘ಭಾವ’ (61+8), ಮಾತು ಬಂದರೆ ‘ವಿನಂತಿಸು’ (149+8). ಈ ನಾಲ್ಕನ್ನೂ ‘ಛಿಂಗ್’ ಎಂದೇ ಓದುತ್ತಾರೆ, ಸ್ವರದ ಏರಿಳಿತ ಮಾತ್ರ ಬೇರೆ. ಅಕ್ಕಿ ಬಂದರೆ ‘ಸಂಸ್ಕರಿಸಿದ, ಸಾರ’ (119+8), ಕಣ್ಣು ಬಂದರೆ ‘ಕಣ್ಣಪಾಪೆ’ (109+8). ಇವೆರಡರ ಓದು ‘ಚಿಂಗ್’. ಜಪಾನಿನಲ್ಲಿ ಬಹುತೇಕ ಎಲ್ಲವೂ ‘ಸೇ’, ‘ಭಾವ’ ಮಾತ್ರ ಸಾಮಾನ್ಯವಾಗಿ ‘ಜೋ’. ಕೊರಿಯಾದಲ್ಲಿ ‘ಛಂಗ್’ ಅಥವಾ ‘ಚಂಗ್’. ವಿಯೆಟ್ನಾಮಿನಲ್ಲಿ ‘ಥಾಞ್’, ‘ತಿಞ್’, ‘ಥಿಞ್’. ಒಂದೇ ಕುಟುಂಬ ನಾಲ್ಕು ನಾಡಿಗೂ ಒಟ್ಟಾಗಿಯೇ ಹೋಗಿದೆ.

ಛಿಂಗ್–ಚಿಂಗ್ ವ್ಯತ್ಯಾಸಕ್ಕೆ ಗಾಬರಿ ಬೇಡ. ಧ್ವನಿಭಾಗದ ಮೊದಲ ವ್ಯಂಜನ ಸಾಮಾನ್ಯವಾಗಿ ತನ್ನ ವರ್ಗದೊಳಗೇ ಓಡಾಡುತ್ತದೆ: ಪ-ವರ್ಗದ್ದು ಪ-ವರ್ಗದಲ್ಲಿ, ತ-ವರ್ಗದ್ದು ತ-ವರ್ಗದಲ್ಲಿ. ವರ್ಗಾಕ್ಷರ ಬಾಯಿಪಾಠ ಮಾಡಿದ ಕನ್ನಡಿಗರಿಗೆ ಈ ಪರೀಕ್ಷೆ ಸಲೀಸು. ಚೀನೀಯರು ತಮ್ಮ ವ್ಯಂಜನಗಳನ್ನು ತುಟಿ, ಹಲ್ಲು, ಗಂಟಲು ಎಂದು ವಿಂಗಡಿಸಲು ಕಲಿತದ್ದರ ಹಿಂದೆಯೂ ಬೌದ್ಧ ಭಿಕ್ಷುಗಳ ಸಂಸ್ಕೃತ ಕಲಿಕೆ ಇದೆ.

ಈ ಪರೀಕ್ಷೆ ಮಾಡದವರೇ ‘ಹಡಗು’ (137+5) ಎಂಬಲ್ಲಿ ದೋಣಿ, ಎಂಟು, ಬಾಯಿ ಎಂದು ಬಿಡಿಸಿ, ಪ್ರಳಯದಲ್ಲಿ ಎಂಟು ಜನರನ್ನು ಉಳಿಸಿದ ಬೈಬಲಿನ ನೌಕೆಯ ಕಥೆ ಹೇಳುವುದು. ಬಲಭಾಗ ಧ್ವನಿಗಾಗಿ ಇದೆ. ‘ದಡದ ಗುಂಟ’ (85+5), ‘ಸೀಸ’ (167+5) ಅಕ್ಷರಗಳಲ್ಲೂ ಅದೇ ಬರುತ್ತದೆ. ಇಂದಿನ ಓದುಗಳು ಛುಆನ್, ಯೆನ್, ಛಿಯೆನ್ ಎಂದು ಬಹಳ ದೂರ ಸರಿದಿವೆ, ಆದ್ದರಿಂದ ಎಡವುವುದು ಸಹಜ. ಹೀಗೆ ದೂರ ಸರಿದಾಗ ಹಳೆಯ ಚೀನೀ ಉಚ್ಚಾರದ ಪುನಾರಚನೆಯನ್ನು ನೋಡಬೇಕು. ಅಂಥ ರೂಪಗಳ ಮುಂದೆ ನಕ್ಷತ್ರ ಚಿಹ್ನೆ ಇರುತ್ತದೆ: ಯಾರೂ ಬರೆದಿಟ್ಟದ್ದಲ್ಲ, ವಿದ್ವಾಂಸರು ಲೆಕ್ಕ ಹಾಕಿ ಕಟ್ಟಿದ್ದು ಎಂದರ್ಥ. ನಿಮ್ಮ ಪುಟದಲ್ಲೂ ಆ ನಕ್ಷತ್ರವನ್ನು ಬಿಡಬೇಡಿ.

5. ನಾಡುನಾಡಿನ ಓದು

ಇಲ್ಲಿ ನಮಗೆ ಒಂದು ಅನುಕೂಲವಿದೆ. ಕನ್ನಡದಲ್ಲಿ ಬಿಡಿಯಾಗಿ ‘ನೀರು’ ಎನ್ನುತ್ತೇವೆ, ಸಮಾಸ ಮಾಡುವಾಗ ‘ಜಲಪಾತ’, ‘ಜಲಾಶಯ’ ಎನ್ನುತ್ತೇವೆ. ನೀರು, ಜಲ ಎರಡಕ್ಕೂ ಒಂದೇ ಚಿಹ್ನೆ ಬರೆದು, ಸಂದರ್ಭ ನೋಡಿ ಬೇರೆ ಬೇರೆ ಓದಿದರೆ ಹೇಗಿರುತ್ತದೋ ಜಪಾನೀಸ್ ಹಾಗಿದೆ. 85ನೆಯ ಅಕ್ಷರ ಬಿಡಿಯಾಗಿ ‘ಮಿಜ಼ು’, ಸಮಾಸದಲ್ಲಿ ‘ಸುಯ್’. ಮೊದಲನೆಯದು ನೆಲದ ಮಾತು, ಅದಕ್ಕೆ ಕುನ್ ಎನ್ನುತ್ತಾರೆ. ಎರಡನೆಯದು ಚೀನಾದಿಂದ ಬಂದ ಓದು, ಓನ್. ಕೊರಿಯನ್ನರು ಅಕ್ಷರದ ಹೆಸರು ಹೇಳುವಾಗ ಎರಡನ್ನೂ ಸೇರಿಸಿ ‘ಮುಲ್ ಸು’ ಎನ್ನುತ್ತಾರೆ: ಮುಲ್ ಅವರ ‘ನೀರು’, ಸು ಅವರ ‘ಜಲ’. ವಿಯೆಟ್ನಾಮಿನ ‘ನೀರು’ ನುಅಕ್, ‘ಜಲ’ ಥುಯ್. ಪೂರ್ವದ ಅಕ್ಷರಕ್ಕೂ ಜಪಾನಿನಲ್ಲಿ ಹೀಗೆ ಎರಡು ಓದು: ‘ಹಿಗಾಶಿ’ ಅವರ ಮೂಡಣ (ಹಳೆಯ ರೂಪ ಹಿಮುಕಾಶಿ, ಹಿ ಅಂದರೆ ಸೂರ್ಯ), ‘ತೋ’ ಅವರ ಪೂರ್ವ. ನಿಮ್ಮ ಪುಟದಲ್ಲಿ ಇವೆರಡನ್ನು ಬೇರೆ ಬಣ್ಣದಲ್ಲಿ ಬರೆಯಿರಿ. ಹಿಗಾಶಿಯನ್ನು ಚೀನೀ ‘ತುಂಗ್’ ಜೊತೆ ಹೋಲಿಸುವುದು ‘ನೀರು’ ಪದವನ್ನು ಸಂಸ್ಕೃತದ ‘ಜಲ’ದಿಂದ ಹುಟ್ಟಿಸಿದ ಹಾಗೆ.

ಓನ್ ಓದು ಒಂದೇ ಇರಬೇಕೆಂದಿಲ್ಲ. ‘ನಡೆ, ಹೋಗು’ (144) ಎಂಬುದು ‘ಗ್ಯೊರೆತ್ಸು’ (ಸಾಲು) ಎಂಬಲ್ಲಿ ಗ್ಯೋ, ‘ಗಿಂಕೋ’ (ಬ್ಯಾಂಕು) ಎಂಬಲ್ಲಿ ಕೋ, ‘ಆಂಗ್ಯಾ’ (ಭಿಕ್ಷುವಿನ ಸಂಚಾರ) ಎಂಬಲ್ಲಿ ಆನ್. ಗ್ಯೋ ಮೊದಲ ಅಲೆಯಲ್ಲಿ, ಬೌದ್ಧ ಗ್ರಂಥಗಳ ಜೊತೆ ಬಂತು. ಕೋ ಥಾಂಗ್ ಕಾಲದ ರಾಜಧಾನಿಯ ಉಚ್ಚಾರ. ಆನ್ ಅದಕ್ಕಿಂತ ತಡವಾಗಿ, ಜ಼ೆನ್ ಭಿಕ್ಷುಗಳ ಮೂಲಕ. ಮೂರೂ ‘ಸರಿ’, ಯಾವ ಅಲೆಯದು ಎಂದು ಪಕ್ಕದಲ್ಲಿ ಬರೆಯಿರಿ.

ಪಿನ್‌ಯಿನ್ ಅಂದರೆ ಚೀನೀ ಓದನ್ನು ರೋಮನ್ ಅಕ್ಷರದಲ್ಲಿ ಬರೆಯುವ ಪದ್ಧತಿ. ಅದನ್ನು ಓದುವಾಗ ರೋಮನ್ ಅಕ್ಷರಗಳನ್ನು ಇಂಗ್ಲಿಷಿನಂತೆ ನೋಡಬೇಡಿ. ಬಿ, ಡಿ, ಜಿ ಎಂದಿರುವಲ್ಲಿ ಪ, ತ, ಕ. ಪಿ, ಟಿ, ಕೆ ಎಂದಿರುವಲ್ಲಿ ಅವುಗಳ ಮಹಾಪ್ರಾಣ. ನಾವು ಬೀಜಿಂಗ್ ಎನ್ನುವುದು ಅವರ ಬಾಯಲ್ಲಿ ‘ಪೆಯ್‌ಚಿಂಗ್’. ಕನ್ನಡದಲ್ಲಿ ಬರೆದಿಟ್ಟುಕೊಂಡರೆ ಈ ಅಂತರ ಇಂಗ್ಲಿಷಿಗಿಂತ ಸ್ಪಷ್ಟವಾಗಿ ಉಳಿಯುತ್ತದೆ.

ಹಳೆಯ ನಿಘಂಟುಗಳು ಓದನ್ನು ಎರಡು ಅಕ್ಷರಗಳಿಂದ ತಿಳಿಸುತ್ತವೆ: ಮೊದಲನೆಯದರ ವ್ಯಂಜನ, ಎರಡನೆಯದರ ಉಳಿದ ಭಾಗ. ಕ್ರಿ.ಶ. 601ರ ಪ್ರಾಸಕೋಶದ ಪರಂಪರೆಯಲ್ಲಿ, 1008ರಲ್ಲಿ ವಿಸ್ತರಿಸಿದ ಕೋಶದ ಮೊಟ್ಟಮೊದಲ ಅಕ್ಷರವೇ ನಮ್ಮ ‘ಪೂರ್ವ’. ಅದಕ್ಕೆ ಕೊಟ್ಟ ಜೋಡಿ ‘ಸದ್ಗುಣ’ (ತಅ) ಮತ್ತು ‘ಕೆಂಪು’ (ಹುಂಗ್). ತ್ ಮತ್ತು ಉಂಗ್ ಸೇರಿ ತುಂಗ್. ಎಲ್ಲ ಅಕ್ಷರಗಳೂ ಇಂದಿನ ಚೀನೀಯಲ್ಲಿ ಇಷ್ಟು ನೇರವಾಗಿ ಕೂಡುವುದಿಲ್ಲ. ಕೂಡದಿದ್ದರೆ ಕೋಶ ತಪ್ಪಲ್ಲ, ನಡುವೆ ಉಚ್ಚಾರ ಬದಲಾಗಿದೆ.

ಈಗ ಎಲ್ಲಕ್ಕಿಂತ ಉಪಯುಕ್ತವಾದ ನಿಯಮ. ಮಧ್ಯಕಾಲದ ಚೀನೀಯಲ್ಲಿ ಪದದ ಕೊನೆಗೆ ಪ್, ತ್, ಕ್ ಬರುತ್ತಿದ್ದವು. ಇಂದಿನ ಮ್ಯಾಂಡರಿನ್ (ಚೀನಾದ ಅಧಿಕೃತ ನುಡಿ) ಮೂರನ್ನೂ ಉದುರಿಸಿದೆ, ಕ್ಯಾಂಟನೀಸ್ (ದಕ್ಷಿಣ ಚೀನಾದ ಒಂದು ನುಡಿ) ಮೂರನ್ನೂ ಉಳಿಸಿಕೊಂಡಿದೆ. ‘ಕಲಿ’ (39+13) ನೋಡಿ: ಮ್ಯಾಂಡರಿನ್ ಶ್ಯುಎ, ಕ್ಯಾಂಟನೀಸ್ ಹೊಕ್, ಕೊರಿಯನ್ ಹಕ್, ವಿಯೆಟ್ನಾಮೀಸ್ ಹೊಕ್, ಜಪಾನೀಸ್ ಗಕು. ‘ದೇಶ’ (31+8): ಕ್ವೊ, ಕ್ವೊಕ್, ಕುಕ್, ಕ್ವೊಕ್, ಕೊಕು. ಅಂದರೆ ಕೊನೆಯ ಕ್ ಜಪಾನಿನಲ್ಲಿ ‘ಕು’ ಅಥವಾ ‘ಕಿ’ ಆಗುತ್ತದೆ. ಕೊನೆಯ ತ್ ಜಪಾನಿನಲ್ಲಿ ‘ಚಿ’ ಅಥವಾ ‘ತ್ಸು’, ಕೊರಿಯಾದಲ್ಲಿ ತಪ್ಪದೆ ‘ಲ್’: ಎಂಟು ಎಂಬುದು ಪಾ, ಪಾತ್, ಫಲ್, ಬಾತ್, ಹಚಿ. ಕೊನೆಯ ಪ್ ಜಪಾನಿನಲ್ಲಿ ಸವೆದು ದೀರ್ಘಸ್ವರವಾಗಿ ಉಳಿದಿದೆ: ಹತ್ತು ಎಂಬುದು ಷಿ, ಸಪ್, ಸಿಪ್, ಥಪ್, ಜೂ. ಒಂದು ನಾಡಿನ ಓದು ಗೊತ್ತಿದ್ದರೆ ಉಳಿದದ್ದನ್ನು ಊಹಿಸಿ, ಆಮೇಲೆ ನಿಘಂಟಿನಲ್ಲಿ ತಾಳೆ ನೋಡಿ. ಜಾಲದ ಯುನಿಹಾನ್ ದತ್ತಕೋಶದಲ್ಲಿ ಈ ಎಲ್ಲ ಓದುಗಳೂ ಒಂದೇ ಪುಟದಲ್ಲಿ ಸಿಗುತ್ತವೆ.

ಒಂದು ಎಚ್ಚರಿಕೆ: ಕೊರಿಯಾ, ವಿಯೆಟ್ನಾಂಗಳ ಇಂದಿನ ಬರಹದಲ್ಲಿ ಓದು ಮಾತ್ರ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಕೊರಿಯನ್ ‘ತೊಂಗ್’ ಪೂರ್ವವೂ ಹೌದು, ಚಳಿಗಾಲವೂ ಹೌದು, ಚಲನೆಯೂ ಹೌದು. ವಿಯೆಟ್ನಾಮಿನ ‘ದೊಂಗ್’ ಪೂರ್ವವೂ ಚಳಿಗಾಲವೂ ಹೌದು. ಹಿಂದಿನ ಅಕ್ಷರ ಯಾವುದೆಂದು ನಿಘಂಟಿನಲ್ಲಿ ಖಚಿತಪಡಿಸಿಕೊಳ್ಳದೆ ನಂಟು ಹೇಳಬೇಡಿ.

6. ಅರ್ಥದ ಅಂಕಣ

ಅರ್ಥವನ್ನು ಕಾಲಕ್ರಮದಲ್ಲಿ ಬರೆಯಿರಿ. ಇಂದಿನ ಚೀನೀ ಅರ್ಥವೇ ಮೂಲ ಎಂದು ಎಣಿಸಬೇಡಿ. ಎಷ್ಟೋ ಸಲ ಹಳೆಯ ಅರ್ಥ ಉಳಿದಿರುವುದು ಅಂಚಿನ ನಾಡಿನಲ್ಲಿ. 156ನೆಯ ಅಕ್ಷರ ಹಳೆಯ ಚೀನೀಯಲ್ಲಿ ‘ಓಡು’. ಜಪಾನಿನಲ್ಲಿ ಈಗಲೂ ಓಡುವುದೇ, ಚೀನಾದಲ್ಲಿ ‘ನಡೆ’ ಆಗಿದೆ. 85+9 ಷುಓವನ್‌ನಲ್ಲಿ ‘ಬಿಸಿನೀರು’. ಜಪಾನಿನಲ್ಲಿ ಅದು ಹಾಗೆಯೇ ಇದೆ, ಸಾರ್ವಜನಿಕ ಸ್ನಾನಗೃಹದ ಹೆಸರಿನಲ್ಲೂ ಇದೆ. ಚೀನಾದಲ್ಲಿ ಅದೇ ಸೂಪು. ಬಾಗಿಲೊಳಗಿನ ಕಿವಿ ಚೀನಾದಲ್ಲಿ ಇಂದು ಬಿಡಿಯಾಗಿ ಬಂದರೆ ‘ಮೂಸು’, ಜಪಾನಿನಲ್ಲಿ ‘ಕೇಳು’. ಅದರ ಹಿಂದೆ ‘ಹೊಸ’ ಸೇರಿಸಿದರೆ ಚೀನಾದ ಶಿನ್‌ವನ್ ‘ಸುದ್ದಿ’, ಜಪಾನಿನ ಶಿಂಬುನ್ ಮತ್ತು ಕೊರಿಯಾದ ಶಿನ್‌ಮುನ್ ‘ಪತ್ರಿಕೆ’.

ಜೋಡಿಪದಗಳನ್ನು ಬೇರೆಯಾಗಿಯೇ ಹುಡುಕಬೇಕು. ಭಾಗಗಳ ಅರ್ಥ ಕೂಡಿಸಿದರೆ ಜೋಡಿಯ ಅರ್ಥ ಬರುತ್ತದೆಂಬ ಖಾತರಿ ಇಲ್ಲ. ಪೂರ್ವ–ಪಶ್ಚಿಮ ಎಂದು ಬರೆದರೆ ಚೀನೀ ‘ತುಂಗ್‌ಶಿ’ಗೆ ‘ವಸ್ತು, ಸಾಮಾನು’ ಎಂಬ ಅರ್ಥವಿದೆ. ಜಪಾನಿನ ತೋಜ಼ಾಯ್, ಕೊರಿಯಾದ ತೊಂಗ್‌ಸ ಬರಿಯ ದಿಕ್ಕುಗಳು. ‘ಕೈ–ಕಾಗದ’ ಜಪಾನಿನಲ್ಲಿ ಪತ್ರ, ಚೀನಾದಲ್ಲಿ ಶೌಚಾಲಯದ ಕಾಗದ. ನಾಲ್ಕೂ ನಾಡು ನಾಲ್ಕು ದಾರಿ ಹಿಡಿದದ್ದಕ್ಕೆ ‘ಕುಂಗ್‌ಫು’ ಸಾಕ್ಷಿ: ಚೀನಾದಲ್ಲಿ ಶ್ರಮ, ಸಮಯ, ನೈಪುಣ್ಯ, ಜಪಾನಿನ ಕುಫೂ ಹೊಸ ಉಪಾಯ, ಕೊರಿಯಾದ ಕೊಂಗ್‌ಬು ಓದು, ಅಭ್ಯಾಸ, ವಿಯೆಟ್ನಾಮಿನ ಕೊಂಗ್ ಫು ಬಹಳ ಪಟ್ಟುಹಿಡಿದು ಮಾಡಿದ ಕೆಲಸ. ವಿಯೆಟ್ನಾಮಿನಲ್ಲಿ ‘ಬಾಕ್ ಸೀ’ ಅಂದರೆ ವೈದ್ಯ. ಅದೇ ಅಕ್ಷರಗಳು ಉಳಿದ ಮೂರು ನಾಡುಗಳಲ್ಲಿ ಡಾಕ್ಟರೇಟ್ ಪಡೆದ ವಿದ್ವಾಂಸನಿಗೆ.

‘ಬಿಕ್ಕಟ್ಟು’ ಎಂಬ ಚೀನೀ ಪದದಲ್ಲಿ ‘ಅಪಾಯ’ ಮತ್ತು ‘ಅವಕಾಶ’ ಎರಡೂ ಇವೆ ಎಂಬ ಮಾತು ಭಾಷಣಗಳಲ್ಲಿ ಎಷ್ಟೋ ಸಲ ಬರುತ್ತದೆ. ಎರಡನೆಯ ಅಕ್ಷರ (75+12) ಮೂಲದಲ್ಲಿ ಯಂತ್ರದ ಚಾಲಕ ಭಾಗ. ಇಲ್ಲಿ ಅದರ ಅರ್ಥ ‘ನಿರ್ಣಾಯಕ ಘಳಿಗೆ’. ‘ಅವಕಾಶ’ವಾಗುವುದು ಮುಂದೆ ಬೇರೊಂದು ಅಕ್ಷರ ಸೇರಿದಾಗ. ವಿಮಾನವೆಂಬ ಪದದಲ್ಲೂ ಅದೇ ಅಕ್ಷರ ಇದೆ, ಅಲ್ಲಿ ಅದು ಯಂತ್ರ. ದಯವಿಟ್ಟು ಈ ಮಾತನ್ನು ಮುಂದಕ್ಕೆ ದಾಟಿಸಬೇಡಿ.

ಆಧುನಿಕ ಪದವಾದರೆ ಹರಿವಿನ ದಿಕ್ಕನ್ನೂ ಬರೆಯಿರಿ. ನಾವು ಸಂಸ್ಕೃತದ ಧಾತುಗಳಿಂದ ‘ದೂರವಾಣಿ’ ಕಟ್ಟಿದಂತೆ 19ನೆಯ ಶತಮಾನದ ಜಪಾನ್ ಚೀನೀ ಅಕ್ಷರಗಳಿಂದ ‘ವಿದ್ಯುತ್–ಮಾತು’ ಎಂದು ‘ದೆನ್‌ವಾ’ ಕಟ್ಟಿತು. ಅದು ಚೀನಾಕ್ಕೆ ತಿರುಗಿ ಹೋಗಿ ‘ತಿಯೆನ್‌ಹುಆ’ ಆಯಿತು. ತತ್ತ್ವಶಾಸ್ತ್ರಕ್ಕೆ ‘ತೆತ್ಸುಗಕು’ ಎಂಬ ಪದ ಕೊಟ್ಟವನು ಜಪಾನಿನ ಚಿಂತಕ ನಿಶಿ ಅಮಾನೆ. ಅರ್ಥಶಾಸ್ತ್ರದ ‘ಕೆಯ್‌ಜ಼ಾಯ್’ ಮಾತ್ರ ಹೊಸದಲ್ಲ. ಲೋಕವನ್ನು ಆಳಿ ಜನರನ್ನು ಪೊರೆಯುವುದು ಎಂಬ ಹಳೆಯ ಚೀನೀ ನುಡಿಗಟ್ಟಿನ ಸಂಕ್ಷೇಪಕ್ಕೆ ಹೊಸ ಅರ್ಥ ತುಂಬಿದ್ದು. ಎದುರು ದಿಕ್ಕಿನದೂ ಉಂಟು: ರೇಖಾಗಣಿತದ ಹೆಸರು ಇಟಲಿಯ ಪಾದ್ರಿ ಮತ್ತೇಯೊ ರಿಚ್ಚಿ ಮತ್ತು ಚೀನೀ ವಿದ್ವಾಂಸ ಶು ಕುಆಂಗ್‌ಛಿ 1607ರಲ್ಲಿ ಮಾಡಿದ ಯುಕ್ಲಿಡ್ ಅನುವಾದದಿಂದ ಜಪಾನ್, ಕೊರಿಯಾಗಳಿಗೆ ಹೋಯಿತು. ಜೋಡಿಪದ ಹಳೆಯ ಚೀನೀ ಗ್ರಂಥಗಳಲ್ಲಿ ಇದೆಯೇ, ಇದ್ದರೆ ಇದೇ ಅರ್ಥದಲ್ಲಿದೆಯೇ: ಈ ಎರಡು ಪ್ರಶ್ನೆ ಕೇಳಿದರೆ ಮೂರು ಬಗೆಗಳೂ ಬೇರೆಯಾಗುತ್ತವೆ.

7. ಬರಿಯ ಧ್ವನಿಗಾಗಿ ಬಂದ ಅಕ್ಷರಗಳು

ಚೀನೀ ಭೂಪಟದಲ್ಲಿ ಬೆಂಗಳೂರು ‘ಪಾನ್‌ಚಿಯಾಲುಓಅರ್’. ನಾಲ್ಕು ಅಕ್ಷರಗಳ ಅರ್ಥ ಬಿಡಿಸಿದರೆ ತರಗತಿ, ಕೂಡಿಸು, ಬಲೆ, ಹೀಗೆ ಎಂದು ಬರುತ್ತದೆ. ಊರಿಗೂ ಅದಕ್ಕೂ ಸಂಬಂಧವಿಲ್ಲ. ಹೆಸರೋ ಪರಭಾಷೆಯ ಪದವೋ ಎಂಬ ಸಂಶಯ ಬಂದರೆ ಅರ್ಥದ ಅಂಕಣವನ್ನು ಖಾಲಿ ಬಿಡಿ.

ಬೌದ್ಧ ಪದಗಳಲ್ಲಿ ಈ ಎಚ್ಚರ ಬಹಳ ಬೇಕು. ‘ಮಾರ’ನಿಗಾಗಿ ಹೊಸ ಅಕ್ಷರವನ್ನೇ ಮಾಡಿದರು (194+11): ‘ಮಾ’ ಎಂಬ ಧ್ವನಿಗೆ ಸೆಣಬಿನ ಅಕ್ಷರ, ಕೆಳಗೆ ಅರ್ಥಕ್ಕೆ ಭೂತ. ‘ಧ್ಯಾನ’ದ ಪ್ರಾಕೃತ ರೂಪ ‘ಝಾನ’ ಚೀನಾದಲ್ಲಿ ಛಾನ್, ಜಪಾನಿನಲ್ಲಿ ಜ಼ೆನ್, ಕೊರಿಯಾದಲ್ಲಿ ಸನ್, ವಿಯೆಟ್ನಾಮಿನಲ್ಲಿ ಥಿಯೆನ್. ನಮ್ಮ ‘ಕ್ಷಣ’ವೂ ಅಲ್ಲಿದೆ. ಇಂದಿನ ಚೀನೀಯಲ್ಲಿ ‘ಛಾನಾ’ ಎಂದಾಗ ಕ್ಷಣಕ್ಕೆ ಹತ್ತಿರವೇ ಅನ್ನಿಸುತ್ತದೆ. ಜಪಾನಿನ ‘ಸೆತ್ಸುನಾ’, ಕೊರಿಯಾದ ‘ಛಲ್ಲಾ’, ವಿಯೆಟ್ನಾಮಿನ ‘ಸಾತ್‌ನಾ’ ಕೇಳಿದರೆ ನಂಟೇ ತಿಳಿಯದು. ಐದನೆಯ ಹಂತದ ನಿಯಮ ಹಚ್ಚಿ ನೋಡಿ. ಅನುವಾದಕರು ಆರಿಸಿದ ಮೊದಲ ಅಕ್ಷರದ ಕೊನೆಗೆ ಆ ಕಾಲದಲ್ಲಿ ತ್ ಇತ್ತು. ವಿಯೆಟ್ನಾಮಿನಲ್ಲಿ ಅದು ತ್ ಆಗಿಯೇ ನಿಂತಿದೆ, ಜಪಾನಿನಲ್ಲಿ ‘ತ್ಸು’ ಆಗಿದೆ, ಕೊರಿಯಾದಲ್ಲಿ ‘ಲ್’ ಆಗಿ ಮುಂದಿನ ನಕಾರವನ್ನೂ ತನ್ನಂತೆ ಮಾಡಿಕೊಂಡಿದೆ, ಮ್ಯಾಂಡರಿನ್‌ನಲ್ಲಿ ಉದುರಿಹೋಗಿದೆ.